ಮಣ್ಣಿನಿಂದೆದ್ದ ಗುಂಡಿಗಳು

ಹೊಲಿಗೆಯ ಸಾಮಾನಿಡುವ ಡಬ್ಬಿಯೊಂದು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಸೂಜಿ, ದಾರದ ಉಂಡೆ, ಕತ್ತರಿಗಳ ಅಡಿಯಲ್ಲಿ ಹತ್ತಾರು ಬಿಡಿ ಗುಂಡಿಗಳು ಬಿದ್ದಿರುತ್ತವೆ. ಯಾವುದು ಯಾರ ಕೋಟಿನದು, ಯಾವುದು ಯಾವ ಮದುವೆಗೆ ಹೊಲಿಸಿದ ಅಂಗಿಯದು ಎಂಬುದನ್ನು ಮನೆಯ ಹಿರಿಯ ಹೆಂಗಸರು ಮಾತ್ರವೇ ಹೇಳಬಲ್ಲರು. ಅಂಗಿ ಹರಿದು ಚಿಂದಿಯಾಗಿ, ಚಿಂದಿ ಮಸಿಬಟ್ಟೆಯಾಗಿ ಹೋದ ಮೇಲೂ ಗುಂಡಿ ಉಳಿದಿರುತ್ತದೆ. ಬಟ್ಟೆಗಿಂತ ಗುಂಡಿಗೆ ಆಯುಸ್ಸು ಹೆಚ್ಚು, ತೊಟ್ಟವನಿಗಿಂತಲೂ ಹೆಚ್ಚು. ಮನೆಯ ಡಬ್ಬಿಯಲ್ಲಿ ಕಾಣುವ ಈ ಸಂಗತಿಯೇ ಮಣ್ಣಿನೊಳಗೂ ಕಾಣಬರುತ್ತದೆ.

ಕನ್ನಡದಲ್ಲಿ ‘ಗುಂಡಿ’ ಎಂಬ ಒಂದೇ ಶಬ್ದವು ಅಂಗಿಗೆ ಹಾಕುವ ಗುಂಡಿಗೂ ನೆಲದಲ್ಲಿ ತೋಡುವ ಹಳ್ಳಕ್ಕೂ ಸಲ್ಲುತ್ತದೆ. ಗುಂಡಿ ತೋಡಿ ಗುಂಡಿ ತೆಗೆಯುವುದೆಂದರೆ ನಮಗೆ ವಿನೋದದ ಮಾತಾಗಿ ತೋರೀತು. ಆದರೆ ಇಂಗ್ಲೆಂಡು ದೇಶದಲ್ಲಿ ಇದು ಸಾವಿರಾರು ಗೃಹಸ್ಥರ ವಿರಾಮಕಾಲದ ಹವ್ಯಾಸವಾಗಿದೆ. ಕೊಯ್ಲು ಮುಗಿದ ಹೊಲಗಳಲ್ಲಿ, ಒಡೆಯನ ಅಪ್ಪಣೆ ಪಡೆದು, ಲೋಹಶೋಧಕವೆಂಬ ಯಂತ್ರವನ್ನು ಹಿಡಿದು ಅವರು ನೆಲವನ್ನು ಸವರುತ್ತ ನಡೆಯುತ್ತಾರೆ. ಎಲ್ಲರ ಮನಸ್ಸಿನಲ್ಲಿ ಇರುವುದು ರೋಮನರ ನಾಣ್ಯ, ಚಿನ್ನದ ಉಂಗುರ. ಕೈಗೆ ಬರುವುದು ಮಾತ್ರ ಬಹುಮಟ್ಟಿಗೆ ಮೊಳೆ, ಸೀಸದ ಚೂರು ಮತ್ತು ಗುಂಡಿ. ಹಸುರುಗಟ್ಟಿದ ತೆಳ್ಳನೆಯ ಬಿಲ್ಲೆಯೊಂದನ್ನು ಕಂಡು ನಾಣ್ಯವೆಂದು ಹಿಗ್ಗಿದವನು, ಅದನ್ನು ತಿರುಗಿಸಿ ಬೆನ್ನಿನ ಮೇಲಿನ ಮುರಿದ ಕೊಂಡಿಯನ್ನು ನೋಡಿದೊಡನೆ ನಿಟ್ಟುಸಿರಿಟ್ಟು ಕಸದ ಚೀಲಕ್ಕೆ ಹಾಕುವುದುಂಟು.

ಹಾಗೆ ಹಾಕತಕ್ಕುದಲ್ಲವೆಂಬುದೇ ಈ ಲೇಖನದಲ್ಲಿ ನಾವು ಹೇಳಹೊರಟಿರುವ ಮಾತು. ನಾಣ್ಯದ ಮೇಲೆ ಇರುವುದು ಅರಸನ ಮುಖ; ಅದು ನೂರಾರು ಕೈಗಳನ್ನು ದಾಟಿ ಬಂದುದು. ಗುಂಡಿಯಾದರೋ ಒಬ್ಬನ ಎದೆಯ ಮೇಲೆ ಇದ್ದುದು. ಅವನು ಊಳಿಗದವನಾಗಿರಬಹುದು, ಸಿಪಾಯಿಯಾಗಿರಬಹುದು, ಕೂಲಿಯಾಗಿರಬಹುದು. ಅಂಥವರ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ಇಲ್ಲ. ಅವರಿದ್ದರೆಂಬುದಕ್ಕೆ ಉಳಿದಿರುವ ಸಾಕ್ಷಿಗಳಲ್ಲಿ ಈ ಗುಂಡಿಯೂ ಒಂದು. ಸಾಕ್ಷಿಯ ಮಾತನ್ನು ಕೇಳಬೇಕಾದರೆ ಅದರ ಭಾಷೆ ನಮಗೆ ತಿಳಿದಿರಬೇಕಷ್ಟೆ.

ಮೊದಲು ಯಂತ್ರದ ವಿಷಯವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಂತಿಯ ಸುರುಳಿಗಳಿರುತ್ತವೆ. ಅದರಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ಸುತ್ತಲೂ ಅಯಸ್ಕಾಂತ ಕ್ಷೇತ್ರವು ಏರಿಳಿಯುತ್ತದೆ. ಆ ಕ್ಷೇತ್ರದೊಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ಪ್ರವಾಹವೆದ್ದು, ಪ್ರತಿಯಾಗಿ ತನ್ನದೊಂದು ಕ್ಷೇತ್ರವನ್ನು ಹುಟ್ಟಿಸುತ್ತದೆ. ಇದನ್ನು ಯಂತ್ರವು ಗುರುತಿಸಿ ಧ್ವನಿಗೊಡುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ಮೈಯೊಳಗೆ ಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನಿನ ನಿರ್ಮಾತೃವಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ಇಂಥ ಉಪಕರಣವನ್ನು ಬಳಸಿದನು, ಅದು ಫಲಿಸಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಅಧಿಕಾರಿಯಾದ ಯೂಸೆಫ್ ಕೊಸಾಟ್‌ಸ್ಕಿಯು ನೆಲಬಾಂಬುಗಳನ್ನು ಹುಡುಕಲು ರಚಿಸಿದ ಯಂತ್ರವು 1942ರ ಎಲ್ ಅಲಮೀನ್ ಯುದ್ಧದಲ್ಲಿ ಉಪಯೋಗಕ್ಕೆ ಬಂದಿತು. ಯುದ್ಧವು ಮುಗಿದ ಮೇಲೆ ಈ ವಿದ್ಯೆ ಸಾಮಾನ್ಯ ಜನರ ಕೈಗೆ ಇಳಿಯಿತು. ಯಂತ್ರಕ್ಕೆ ತಾಮ್ರದ ನಾಣ್ಯಕ್ಕೂ ತಾಮ್ರದ ಗುಂಡಿಗೂ ಭೇದ ತಿಳಿಯದು. ಭೇದವನ್ನು ತಿಳಿಯಬೇಕಾದವನು ಮನುಷ್ಯನೇ.

ಮನುಷ್ಯವಾಸವಿಲ್ಲದ ಹೊಲಗಳಲ್ಲಿ ಇಷ್ಟೊಂದು ಗುಂಡಿಗಳು ಹೇಗೆ ಬಂದುವೆಂದು ವಾಚಕರು ಕೇಳಬಹುದು. ಉಳುವವನ ಅಂಗಿಯಿಂದ ದಾರ ಕಡಿದು ಉದುರಿದವು ಕೆಲವು. ಆದರೆ ದೊಡ್ಡ ಕಾರಣವು ಬೇರೆ. ಹಿಂದೆ ಪಟ್ಟಣಗಳ ಕಸವನ್ನೂ ಕಕ್ಕಸಿನ ಮಲವನ್ನೂ ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಗೊಬ್ಬರವಾಗಿ ಸಾಗಿಸುತ್ತಿದ್ದರು. ಇದಲ್ಲದೆ ಹಳೆಯ ಉಣ್ಣೆಬಟ್ಟೆಯ ಚಿಂದಿಯೂ ಒಳ್ಳೆಯ ಗೊಬ್ಬರ. ಮಣ್ಣಿನಲ್ಲಿ ಮೆಲ್ಲನೆ ಕೊಳೆತು ಪೈರಿಗೆ ಸಾರವನ್ನು ಕೊಡುತ್ತದೆ. ಕೆಂಟ್ ಪ್ರಾಂತದ ಹಾಪ್ ಬಳ್ಳಿಯ ತೋಟಗಳಿಗೆ ಇಂಥ ಚಿಂದಿಯನ್ನು ಹೇರಳವಾಗಿ ಹಾಕುತ್ತಿದ್ದರು. ಚಿಂದಿಯೊಡನೆ ಗುಂಡಿಗಳೂ ಹೋದುವು. ಆದುದರಿಂದ ಒಂದು ಹೊಲದಲ್ಲಿ ಸಿಪಾಯಿಯ ಗುಂಡಿ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಯುದ್ಧವಾಯಿತೆಂದಾಗಲಿ ಸಿಪಾಯಿಯು ಬಂದಿದ್ದನೆಂದಾಗಲಿ ಹೇಳಲಾಗದು. ಹಳೆಯ ಕೋಟಿನ ಚಿಂದಿ ಬಂದಿದ್ದರೂ ಸಾಕು. ಗುಂಡಿಯನ್ನು ಓದುವವನು ಕಲಿಯಬೇಕಾದ ಮೊದಲನೆಯ ಪಾಠವಿದು: ವಸ್ತುವು ಹೇಳುವುದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಬಾರದು.

ಎರಡನೆಯ ಪಾಠವು ಗೃಹಿಣಿಯರಿಗೆ ಸ್ವಲ್ಪ ವಿಚಿತ್ರವಾಗಿ ತೋರುವುದು. ಹಿತ್ತಾಳೆಯ ಪಾತ್ರೆ ಕಂದಿದರೆ ಹುಣಸೆಹಣ್ಣನ್ನು ಹಚ್ಚಿ ಉಜ್ಜಿ ಫಳಫಳಿಸುವಂತೆ ಮಾಡುವುದು ನಮ್ಮ ಅಡುಗೆಮನೆಯ ನಿತ್ಯದ ಪದ್ಧತಿ. ಮಣ್ಣಿನಿಂದ ತೆಗೆದ ಗುಂಡಿಗೆ ಇದನ್ನು ಎಂದೂ ಮಾಡಕೂಡದು. ಹುಣಸೆ, ನಿಂಬೆ, ಬೂದಿ, ತಂತಿಯ ಬ್ರಷ್ಷು ಇವೆಲ್ಲ ಅದಕ್ಕೆ ಮೃತ್ಯುವಿಗೆ ಸಮಾನ. ಹಳೆಯ ಗುಂಡಿಯ ಚಿನ್ನದ ನೀರು ಕೂದಲೆಳೆಗಿಂತ ತೆಳುವಾದುದು. ಅದರ ಕೆಳಗಿನ ತಾಮ್ರವು ಕಿಲುಬಾಗಿ ಉಬ್ಬಿದಾಗ ಚಿನ್ನವು ಆ ಕಿಲುಬಿನ ಮೇಲೆ ಹಾಗೆಯೇ ಕುಳಿತಿರುತ್ತದೆ. ಕಿಲುಬನ್ನು ಉಜ್ಜಿದರೆ ಚಿನ್ನವೂ, ಅದರೊಡನೆ ಚಿತ್ರವೂ ಬರಹವೂ ಹೋಗಿಬಿಡುವುವು. ಮಣ್ಣನ್ನು ಮೆತ್ತನೆಯ ಕುಂಚದಿಂದಲೋ ಮರದ ಕಡ್ಡಿಯಿಂದಲೋ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಭೂತಗನ್ನಡಿಯಿಂದ ನೋಡುವುದು ಸರಿಯಾದ ಕ್ರಮ. ದೀಪವನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ, ಸವೆದ ಅಕ್ಷರಗಳೂ ನೆರಳು ಬಿಟ್ಟು ಏಳುವುವು.

ಇನ್ನು ಓದುವ ಬಗೆ. ಎಲ್ಲರೂ ಮುಂಭಾಗವನ್ನು ಮೊದಲು ನೋಡುತ್ತಾರೆ. ಬಲ್ಲವರು ಬೆನ್ನನ್ನು ಮೊದಲು ನೋಡುತ್ತಾರೆ. ಮುಖದ ಅಲಂಕಾರವು ಫ್ಯಾಷನ್ನಿಗೆ ಸೇರಿದುದು, ಹಳೆಯದನ್ನು ಹೊಸಬರು ಅನುಕರಿಸಬಹುದು. ಬೆನ್ನಿನ ರಚನೆಯಾದರೋ ಕಾರ್ಖಾನೆಯ ಪದ್ಧತಿಗೆ ಸೇರಿದುದು; ಅದು ಕಾಲವನ್ನು ಮುಚ್ಚಿಡಲಾರದು.

ಬಟ್ಟೆಗೆ ಹೊಲಿಯುವುದಕ್ಕಾಗಿ ಬೆನ್ನಿನಲ್ಲಿರುವ ಕೊಂಡಿಯನ್ನು ಪರೀಕ್ಷಿಸಬೇಕು. 17ನೆಯ ಶತಮಾನದ ಮತ್ತು ಅದಕ್ಕೆ ಹಿಂದಿನ ಗುಂಡಿಗಳು ಬಹುಶಃ ಚಿಕ್ಕವು, ಗೋಲಿಯಂತೆ ಇಲ್ಲವೆ ಅರ್ಧಗೋಲಿಯಂತೆ ಇರುವುವು. ಅಚ್ಚಿನಲ್ಲಿ ಎರಕ ಹೊಯ್ದವು. 18ನೆಯ ಶತಮಾನದಲ್ಲಿ ಗುಂಡಿಯು ಅಗಲವಾಗಿ ಬಿಲ್ಲೆಯ ಆಕಾರವನ್ನು ತಾಳಿತು. ಆ ಶತಮಾನದ ನಡುಗಾಲದಲ್ಲಿ ತಾಮ್ರಸತುಗಳಿಗೆ ಸ್ವಲ್ಪ ಪಾಷಾಣವನ್ನು ಬೆರೆಸಿದ, ಟೊಂಬ್ಯಾಕ್ ಎಂಬ ಬಿಳಿಯ ಲೋಹವು ಬಳಕೆಯಲ್ಲಿತ್ತು. ಇದು ಇನ್ನೂರೈವತ್ತು ವರ್ಷ ಮಣ್ಣಿನಲ್ಲಿದ್ದರೂ ಹಸುರುಗಟ್ಟದೆ ಬೂದುಬಣ್ಣದಿಂದ ನಯವಾಗಿಯೇ ಬರುತ್ತದೆ. ಇದರ ಬೆನ್ನಿನಲ್ಲಿ ಕೊಂಡಿಯ ಬುಡವು ಸಣ್ಣ ಗುಡ್ಡದಂತೆ ಉಬ್ಬಿರುವುದನ್ನು ಕಾಣಬಹುದು. 18ನೆಯ ಶತಮಾನದ ಕೊನೆಗಾಲಕ್ಕೆ ತಾಮ್ರದ ತಗಡಿನಿಂದ ಕತ್ತರಿಸಿದ ದೊಡ್ಡ ಚಪ್ಪಟೆ ಗುಂಡಿಗಳು ಬಂದುವು. ಅವುಗಳ ಬೆನ್ನಿಗೆ ತಂತಿಯನ್ನು ಬಾಗಿಸಿ ಬೆಸುಗೆ ಹಾಕಿರುತ್ತದೆ. ಕೋಟಿನ ಮುಂದೆ ಊಟದ ತಟ್ಟೆಗಳನ್ನು ಜೋಡಿಸಿದಂತೆ ಕಾಣುತ್ತಿದ್ದ ಈ ಗುಂಡಿಗಳಿಗೆ ಶೋಧಕರು ‘ಡ್ಯಾಂಡಿ’ ಎಂದು ಹೆಸರಿಟ್ಟಿದ್ದಾರೆ; ನಾವಾದರೆ ಷೋಕೀದಾರರ ಗುಂಡಿಯೆನ್ನಬಹುದು. ಎರಡು ತಗಡುಗಳನ್ನು ಅಂಚಿನಲ್ಲಿ ಮಡಿಸಿ ಕೂಡಿಸಿದ, ಒಳಗೆ ಟೊಳ್ಳಾದ ಉಬ್ಬುಗುಂಡಿ ಇವೆಲ್ಲಕ್ಕಿಂತ ಈಚಿನದು. ಅದು ಬಳಕೆಗೆ ಬಂದುದು 19ನೆಯ ಶತಮಾನದಲ್ಲಿ.

ಕೊಂಡಿಯ ಸುತ್ತಲೂ ವೃತ್ತಾಕಾರವಾಗಿ ಅಕ್ಷರಗಳಿದ್ದರೆ ಓದುವವನ ಭಾಗ್ಯವೇ ಸರಿ. 18ನೆಯ ಶತಮಾನದ ಕೊನೆಗೆ ಗುಂಡಿಯ ವ್ಯಾಪಾರದಲ್ಲಿ ಮೋಸವು ಹೆಚ್ಚಿ, ಬರಿಯ ಹಿತ್ತಾಳೆಯನ್ನು ಚಿನ್ನದ ಹೊದಿಕೆಯದೆಂದು ಮಾರುತ್ತಿದ್ದರು. ಇದನ್ನು ತಡೆಯಲು 1796ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಲೋಹದ ಗುಂಡಿಗಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಒಂದು ಅಂಗುಲ ವ್ಯಾಸದ 144 ಗುಂಡಿಗಳಿಗೆ 5 ಗ್ರೈನ್ ಚಿನ್ನವನ್ನಾದರೂ ಹಾಕಿದ್ದಲ್ಲದೆ ಅವುಗಳನ್ನು ‘ಗಿಲ್ಟ್’ ಎಂದು ಕರೆಯುವಂತಿರಲಿಲ್ಲ. ಐದು ಗ್ರೈನೆಂದರೆ ಮೂರು ಗುಲಗಂಜಿ ತೂಕಕ್ಕಿಂತಲೂ ಕಡಮೆ! ಇಷ್ಟು ಚಿನ್ನವನ್ನು ಹನ್ನೆರಡು ಡಜನ್ ಗುಂಡಿಗಳಿಗೆ ಹಂಚುವ ಕೈಚಳಕವು ಪಾದರಸದಿಂದ ಸಾಧ್ಯವಾಗುತ್ತಿತ್ತು. ಚಿನ್ನವನ್ನು ಪಾದರಸದಲ್ಲಿ ಕಲಸಿ ಗುಂಡಿಗೆ ಬಳಿದು ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನವು ಅಂಟಿಕೊಳ್ಳುತ್ತದೆ. ಆ ಆವಿಯನ್ನು ಉಸಿರಾಡಿದ ಕೆಲಸಗಾರರ ಆರೋಗ್ಯವು ಕೆಡುತ್ತಿತ್ತೆಂಬುದನ್ನೂ ಇಲ್ಲಿ ಮರೆಯಬಾರದು. ಹೊಳೆಯುವ ಗುಂಡಿಯ ಹಿಂದೆ ಅದನ್ನು ತೊಟ್ಟವನು ಮಾತ್ರವಲ್ಲ, ಮಾಡಿದವನೂ ನಿಂತಿರುತ್ತಾನೆ.

ಕಾಯಿದೆಯಾದ ಮೇಲೆ ತಯಾರಕರು ತಮ್ಮ ಸರಕಿನ ಗುಣವನ್ನು ಬೆನ್ನಿನ ಮೇಲೆ ಸಾರತೊಡಗಿದರು. ‘ಗಿಲ್ಟ್’, ‘ಟ್ರೆಬಲ್ ಗಿಲ್ಟ್’, ‘ಪ್ಲೇಟೆಡ್’, ‘ರಿಚ್ ಆರೆಂಜ್’ ಮುಂತಾದ ಈ ಬಿರುದುಗಳು 19ನೆಯ ಶತಮಾನದ ಮೊದಲ ಅರ್ಧದಲ್ಲಿ ವಿಶೇಷವಾಗಿ ಕಾಣುವುವು. ಅನಂತರ ಬಿರುದುಗಳು ಕಡಮೆಯಾಗಿ ತಯಾರಕರ ಹೆಸರು, ಬೀದಿ, ಊರುಗಳು ಹೆಚ್ಚಿದುವು. ಊರೆಂದರೆ ಹೆಚ್ಚಾಗಿ ಲಂಡನ್ನು ಇಲ್ಲವೆ ಬರ್ಮಿಂಗ್‌ಹ್ಯಾಮು. ಜೇಮ್ಸ್ ವಾಟನೊಡನೆ ಉಗಿಯಂತ್ರವನ್ನು ಲೋಕಕ್ಕೆ ಕೊಟ್ಟ ಮ್ಯಾಥ್ಯೂ ಬೌಲ್ಟನ್ನನು ಬರ್ಮಿಂಗ್‌ಹ್ಯಾಮಿನಲ್ಲಿ ಗುಂಡಿ, ಬಕಲುಗಳನ್ನು ಮಾಡುವ ಮನೆತನದಲ್ಲಿ ಹುಟ್ಟಿದವನೇ. ವ್ಯಾಪಾರಿಯು ಅಂಗಡಿಯನ್ನು ಬದಲಿಸಿದಾಗ ಗುಂಡಿಯ ಬೆನ್ನಿನ ವಿಳಾಸವೂ ಬದಲಾಗುವುದರಿಂದ, ಹಳೆಯ ಪಟ್ಟಣಗಳ ವ್ಯಾಪಾರಿಗಳ ಪಟ್ಟಿಯನ್ನು ತೆರೆದು ನೋಡಿದರೆ ವರ್ಷಗಳು ತಿಳಿಯಬರುತ್ತವೆ. ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂದಿದ್ದರೆ ಅದು 1855ಕ್ಕೆ ಹಿಂದಿನದಲ್ಲ. ಸಾಮಾನ್ಯ ವ್ಯಾಪಾರಸಂಘಗಳಿಗೆ ಅಂಥ ಮಿತಹೊಣೆಯನ್ನು ಕೊಟ್ಟ ಕಾಯಿದೆಯಾದುದು ಆ ವರ್ಷ.

ಬೆನ್ನನ್ನು ಓದಿಯಾದ ಮೇಲೆ ಮುಖಕ್ಕೆ ಬರೋಣ. ಮುಖದ ಮೇಲೆ ಬರಿಯ ಅಂಕವೊಂದಿದ್ದರೆ ಅದು ಬಹುಶಃ ಸಿಪಾಯಿಯದು. 1767ರಲ್ಲಿ ಬ್ರಿಟಿಷ್ ಸೈನ್ಯದ ಪ್ರತಿಯೊಂದು ರೆಜಿಮೆಂಟೂ ತನ್ನ ಅಂಕವನ್ನು ಗುಂಡಿಯ ಮೇಲೆ ತೋರಿಸಬೇಕೆಂದು ಆಜ್ಞೆಯಾಯಿತು. ಸಾಮಾನ್ಯ ಸಿಪಾಯಿಗಳ ಗುಂಡಿಯು ತವರಕ್ಕೆ ಬೇರೆ ಲೋಹಗಳನ್ನು ಬೆರೆಸಿದ ಪ್ಯೂಟರಿನದು. 1855ರಲ್ಲಿ ಅದು ಹಿತ್ತಾಳೆಯದಾಯಿತು. 1871ರಲ್ಲಿ ಸಿಪಾಯಿಗಳ ಗುಂಡಿಯಿಂದ ಅಂಕವೇ ಹೋಗಿ, ಎಲ್ಲರಿಗೂ ಒಂದೇ ಬಗೆಯ ರಾಜಲಾಂಛನವು ಬಂದಿತು. 1881ರಲ್ಲಿ ರೆಜಿಮೆಂಟುಗಳ ಅಂಕಗಳು ತೆಗೆಯಲ್ಪಟ್ಟು ಪ್ರಾಂತಗಳ ಹೆಸರುಗಳು ಬಂದುವು. ಈ ನಾಲ್ಕೈದು ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡವನಿಗೆ ಗುಂಡಿಯ ಕಾಲವು ಅರ್ಧಕ್ಕರ್ಧ ತಿಳಿದಂತೆಯೇ.

ಒಂದು ಉದಾಹರಣೆಯನ್ನು ಕೊಡುತ್ತೇವೆ. 102 ಎಂಬ ಅಂಕವುಳ್ಳ ಗುಂಡಿಯೊಂದು ಸಿಕ್ಕಿತೆಂದಿಟ್ಟುಕೊಳ್ಳೋಣ. ಪುಸ್ತಕವನ್ನು ತೆರೆದು ನೋಡಿದರೆ ಈ ಅಂಕವನ್ನು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಪಡೆಗಳು ಹೊತ್ತಿದ್ದುವೆಂದು ತಿಳಿಯುವುದು. ಅವುಗಳಲ್ಲಿ ಒಂದು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತಿಗಾಗಿ 1789ರಲ್ಲಿ ಕಟ್ಟಿದ ಪಡೆ. ಅದು 1816ಕ್ಕೆ ಮುಂಚೆ ಕೆಲವು ವರ್ಷ 102 ಎನ್ನಿಸಿಕೊಂಡಿತ್ತು. ಇನ್ನೊಂದು, ಈಸ್ಟ್ ಇಂಡಿಯಾ ಕಂಪೆನಿಯವರ ಮದರಾಸಿನ ಯೂರೋಪಿಯನ್ ಪಡೆ. ಕಂಪೆನಿಯ ಆಳ್ವಿಕೆ ಮುಗಿದ ಮೇಲೆ, 1862ರಲ್ಲಿ, ಅದು ರಾಣಿಯ ಸೈನ್ಯಕ್ಕೆ ಸೇರಿ 102ನೆಯ ರೆಜಿಮೆಂಟಾಯಿತು. ಅಂಕವೊಂದರಿಂದಲೇ ಇವೆರಡರಲ್ಲಿ ಯಾವುದೆಂದು ಹೇಳಲಾಗದು. ಆದರೆ ಲೋಹವನ್ನು ನೋಡಿರಿ. ಸಿಪಾಯಿಯ ಗುಂಡಿ ಪ್ಯೂಟರಿನದಾದರೆ 1855ಕ್ಕೆ ಹಿಂದಿನದು. ಆದುದರಿಂದ ಮದರಾಸಿನ ಪಡೆಯದಾಗಲಾರದು. ಹಿತ್ತಾಳೆಯ ಉಬ್ಬುಗುಂಡಿಯಾದರೆ ಮದರಾಸಿನವರದು; ಅಷ್ಟೇ ಅಲ್ಲ, 1862ಕ್ಕೂ 1871ಕ್ಕೂ ನಡುವಣ ಒಂಬತ್ತು ವರ್ಷಗಳಲ್ಲಿ ಮಾಡಿದುದು. ಬೆರಳಿನ ಉಗುರಿನಷ್ಟಿರುವ ವಸ್ತುವಿನಿಂದ ಒಂಬತ್ತು ವರ್ಷಗಳ ಒಳಗಿನ ಕಾಲನಿರ್ಣಯವಾಯಿತು!

ಈ ಪಡೆಯ ಕಥೆ ನಮ್ಮ ನಾಡಿಗೂ ತಾಕುತ್ತದೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನಿಂದ ನಂದಿದುರ್ಗವನ್ನು ಕಿತ್ತುಕೊಂಡುದಕ್ಕಾಗಿ ಈ ಮದರಾಸಿನ ಪಡೆಗೆ ಆ ಬೆಟ್ಟದ ಹೆಸರು ಯುದ್ಧಗೌರವವಾಗಿ ದೊರೆಯಿತು. 1881ರಲ್ಲಿ ಪಡೆಯು ಐರ್ಲೆಂಡಿನ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸಿನ ಭಾಗವಾಯಿತು. 1922ರಲ್ಲಿ ಆ ರೆಜಿಮೆಂಟು ವಿಸರ್ಜನೆಯಾಗುವವರೆಗೂ ಅದರ ಗೌರವಪಟ್ಟಿಯಲ್ಲಿ ನಂದಿದುರ್ಗದ ಹೆಸರು ಉಳಿದಿತ್ತು. ಡಬ್ಲಿನ್ನಿನ ಸಿಪಾಯಿಗಳಲ್ಲಿ ಎಷ್ಟು ಮಂದಿ ನಂದಿಯ ಬೆಟ್ಟವನ್ನು ಕಂಡಿದ್ದರು? ಕೆಂಟಿನ ಹೊಲದಲ್ಲಿ 102ರ ಗುಂಡಿಯನ್ನೆತ್ತಿದವನೂ ಆ ಬೆಟ್ಟದ ಹೆಸರನ್ನು ಕೇಳಿರಲಾರನು. ಕೇಳದವನಿಗೆ ಅದು ಹಿತ್ತಾಳೆಯ ಚೂರು. ಓದಬಲ್ಲವನಿಗೆ ಎರಡು ದೇಶಗಳ ನಡುವಣ ಸೇತುವೆ.

ರಾಜಲಾಂಛನದ ಗುಂಡಿಗಳಲ್ಲಿ ಕಿರೀಟದ ಆಕಾರವು ಸೂಚನೆಯನ್ನು ಕೊಡುತ್ತದೆ. 1901ರಿಂದ 1952ರವರೆಗಿನ ದೊರೆಗಳ ಕಾಲದಲ್ಲಿ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಾಗಿದ್ದುವು. 1953ರಿಂದ ಎಲಿಜಬೆತ್ ರಾಣಿಯ ಕಾಲದಲ್ಲಿ ಕಮಾನುಗಳು ನಡುವೆ ತಗ್ಗಿದುವು. 2022ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸನು ಮತ್ತೆ ದುಂಡುಕಿರೀಟವನ್ನೇ ಆರಿಸಿಕೊಂಡಿದ್ದಾನೆ. ಆದುದರಿಂದ ದುಂಡುಕಿರೀಟವನ್ನು ಕಂಡೊಡನೆ ಹಳೆಯದೆನ್ನುವಂತಿಲ್ಲ. ನೌಕಾಪಡೆಯ ಅಧಿಕಾರಿಗಳ ಗುಂಡಿಯಲ್ಲಿ ಹಗ್ಗ ಸುತ್ತಿದ ಲಂಗರಿರುತ್ತದೆ; ಅದರ ಮೇಲೆ ಕಿರೀಟವು ಬಂದುದು 1812ರಲ್ಲಿ. ಮುಂಗಾಲುಗಳಿಂದ ಕಿರೀಟವನ್ನು ಹಿಡಿದು ನಿಂತ ಸಿಂಹವಿದ್ದರೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಲಾಂಛನವಾಗಿರಬಹುದು.

ಸೈನಿಕರ ಗುಂಡಿಗಳಿಗಿಂತಲೂ ಮನಸ್ಸನ್ನು ಕಲಕುವಂಥವು ಊಳಿಗದವರ ಗುಂಡಿಗಳು. ಗಂಡಭೇರುಂಡವನ್ನು ಎಲ್ಲಿ ಕಂಡರೂ ನಮಗೆ ಮೈಸೂರು ಅರಮನೆಯ ನೆನಪಾಗುವುದಲ್ಲವೇ? ಅದರಂತೆಯೇ ಇಂಗ್ಲೆಂಡಿನ ಶ್ರೀಮಂತ ಮನೆತನಗಳಿಗೆ ತಮ್ಮ ತಮ್ಮ ಲಾಂಛನಗಳಿವೆ. ಅವರ ಬಾಗಿಲು ಕಾಯುವವನೂ, ಸಾರೋಟು ಹೊಡೆಯುವವನೂ, ಊಟ ಬಡಿಸುವವನೂ ಒಡೆಯನ ಲಾಂಛನವುಳ್ಳ ಗುಂಡಿಯ ಕೋಟನ್ನು ತೊಡುತ್ತಿದ್ದರು. ಹಂದಿಯ ತಲೆ, ಈಟಿ ಹಿಡಿದ ತೋಳು, ಕೊಕ್ಕಿನಲ್ಲಿ ಉಂಗುರವಿರುವ ಹಕ್ಕಿ ಮುಂತಾಗಿ ಚಿತ್ರಗಳಿರುತ್ತವೆ. ಫೇರ್‌ಬೈರ್ನನ ಲಾಂಛನಗ್ರಂಥವೇ ಮೊದಲಾದವುಗಳಲ್ಲಿ ಹುಡುಕಿದರೆ ಮನೆತನವು ಸಿಕ್ಕುವುದು. ಆದರೆ ಒಂದೇ ಚಿತ್ರವನ್ನು ಹತ್ತು ಮನೆತನಗಳು ಹೊಂದಿರುವುದುಂಟು. ಗುಂಡಿಯು ಸಿಕ್ಕಿದ ಹೊಲದ ಸಮೀಪದಲ್ಲಿ ಅವುಗಳಲ್ಲಿ ಯಾವುದರ ಬಂಗಲೆಯಿತ್ತೆಂದು ನೋಡಬೇಕು. ಅದು ತಿಳಿದರೆ ಒಡೆಯನ ಹೆಸರು ದೊರೆಯುತ್ತದೆ, ತೊಟ್ಟವನ ಹೆಸರಲ್ಲ. ಅವನು ತನ್ನ ಎದೆಯ ಮೇಲೆ ಹೊತ್ತುದು ಬೇರೊಬ್ಬನ ಗುರುತನ್ನು. ಆದರೂ ಆ ಕೋಟಿನೊಳಗೆ ಬೆವರಿದವನೂ, ಗುಂಡಿ ಕಳೆದುದಕ್ಕೆ ಬೈಸಿಕೊಂಡವನೂ ಅವನೇ ಆಗಿರಬೇಕು.

ಸುಖದ ಗುಂಡಿಗಳೂ ಇಲ್ಲದಿಲ್ಲ. 17ನೆಯ ಶತಮಾನದ ಕೆಲವು ಜೋಡಿಗುಂಡಿಗಳ ಮೇಲೆ, ಒಂದು ಕಿರೀಟದ ಕೆಳಗೆ ಎರಡು ಹೃದಯಗಳ ಚಿತ್ರವಿದೆ. 1662ರಲ್ಲಿ ನಡೆದ ಎರಡನೆಯ ಚಾರ್ಲ್ಸ್ ದೊರೆಗೂ ಪೋರ್ಚುಗಲ್ಲಿನ ರಾಜಪುತ್ರಿ ಕ್ಯಾಥರೀನಳಿಗೂ ಆದ ವಿವಾಹದ ನೆನಪಿಗಾಗಿ ಇವು ಹುಟ್ಟಿದುವೆಂದು ಪಂಡಿತರು ಭಾವಿಸುತ್ತಾರೆ. ಈ ವಿವಾಹದಲ್ಲಿ ದೊರೆಗೆ ಬಂದ ಬಳುವಳಿಯಲ್ಲಿ ನಮ್ಮ ಬೊಂಬಾಯಿಯೂ ಸೇರಿತ್ತೆಂಬುದನ್ನು ವಾಚಕರು ಬಲ್ಲರು. ಒಂದು ಊರನ್ನೇ ಬಳುವಳಿಯಾಗಿ ಕೊಟ್ಟ ಮದುವೆಯ ಗುರುತು ಇಂದು ಉತ್ತ ಹೊಲದಲ್ಲಿ ಕಡಲೆಕಾಳಿನ ಗಾತ್ರದ ಬೆಳ್ಳಿಯಾಗಿ ಸಿಕ್ಕುತ್ತಿದೆ.

ಬೆಳ್ಳಿಯ ಮಾತು ಬಂದುದರಿಂದ ಕಾನೂನಿನ ಮಾತನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆಯಂತೆ, ಮುನ್ನೂರು ವರ್ಷಕ್ಕೆ ಕಡಮೆಯಿಲ್ಲದ ಮತ್ತು ನೂರಕ್ಕೆ ಹತ್ತು ಪಾಲಾದರೂ ಚಿನ್ನ ಬೆಳ್ಳಿಯಿರುವ ವಸ್ತುವು ಸಿಕ್ಕಿದರೆ ಹದಿನಾಲ್ಕು ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕು. ಬೆಳ್ಳಿಯ ಗುಂಡಿಯೂ ಇದಕ್ಕೆ ಒಳಪಟ್ಟುದು. ತಾಮ್ರ ಹಿತ್ತಾಳೆಗಳ ಬಿಡಿಗುಂಡಿಗೆ ಈ ಕಟ್ಟಿಲ್ಲ. ಆದರೆ 1997ರಲ್ಲಿ ಆರಂಭವಾದ ಯೋಜನೆಯೊಂದರ ಪ್ರಕಾರ ಪ್ರಾಂತಪ್ರಾಂತಗಳಲ್ಲಿ ಅಧಿಕಾರಿಗಳಿದ್ದು, ಜನರು ಸ್ವಸಂತೋಷದಿಂದ ತರುವ ವಸ್ತುಗಳನ್ನು ನೋಡಿ, ಚಿತ್ರ ತೆಗೆದು, ಸಿಕ್ಕಿದ ಸ್ಥಳವನ್ನು ಬರೆದುಕೊಂಡು, ವಸ್ತುವನ್ನು ಹಿಂದಿರುಗಿಸುತ್ತಾರೆ. ಹೀಗೆ ದಾಖಲೆಯಾದ ವಸ್ತುಗಳು ಹದಿನೈದು ಲಕ್ಷಕ್ಕೂ ಮಿಕ್ಕಿವೆ. ರಕ್ಷಿತ ಸ್ಮಾರಕಗಳ ನೆಲದಲ್ಲಿ ಮಾತ್ರ ಅಪ್ಪಣೆಯಿಲ್ಲದೆ ಯಂತ್ರವನ್ನು ಹಿಡಿಯುವುದೇ ಅಪರಾಧ. ನಮ್ಮ ದೇಶದಲ್ಲಿ 1878ರ ನಿಧಿ ಕಾಯಿದೆಯಂತೆ, ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಸ್ತುವು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸತಕ್ಕದ್ದು. ಆದುದರಿಂದ ಈ ಲೇಖನವನ್ನು ಓದಿ ಯಾರೂ ಯಂತ್ರವನ್ನು ಹೊತ್ತು ಹಳೆಯ ಕೋಟೆಗಳಿಗೆ ಹೊರಡಬಾರದೆಂದು ಪ್ರಾರ್ಥಿಸುತ್ತೇವೆ.

ಸಿಕ್ಕಿದ ಸ್ಥಳವನ್ನು ಬರೆದಿಡಬೇಕೆಂದು ತಿಳಿದವರು ಏಕೆ ಒತ್ತಿ ಹೇಳುತ್ತಾರೆ? ಅಮೆರಿಕದಲ್ಲಿ 1876ರಲ್ಲಿ ಲಿಟ್ಲ್ ಬಿಗ್‌ಹಾರ್ನ್ ಎಂಬಲ್ಲಿ ಕಸ್ಟರನೆಂಬ ಸೇನಾಪತಿಯ ತಂಡವು ಆ ನಾಡಿನ ಮೂಲನಿವಾಸಿಗಳೊಡನೆ ಹೋರಾಡಿ ಪೂರ್ತಿಯಾಗಿ ನಾಶವಾಯಿತು. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲವು ಬಯಲಾದಾಗ, ಮರುವರ್ಷ ವಿದ್ವಾಂಸರು ಲೋಹಶೋಧಕ ಹಿಡಿದವರನ್ನು ಸಾಲಾಗಿ ನಡೆಸಿ, ಸಿಕ್ಕಿದ ಪ್ರತಿಯೊಂದು ಗುಂಡು, ತೋಟೆ, ಗುಂಡಿಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿದರು. ಆ ಚುಕ್ಕೆಗಳಿಂದ, ಯಾರು ಎಲ್ಲಿ ನಿಂತು ಎತ್ತ ಓಡಿದರೆಂಬುದು ನೂರೆಂಟು ವರ್ಷಗಳ ಮೇಲೆ ಕಾಣಬಂದಿತು. ಅವನ್ನೇ ಯಾರಾದರೂ ಮೊದಲೇ ಆರಿಸಿ ಜೇಬಿಗೆ ಹಾಕಿಕೊಂಡಿದ್ದರೆ ಉಳಿಯುತ್ತಿದ್ದುದು ಒಂದು ಹಿಡಿ ಹಳೆಯ ಲೋಹ ಮಾತ್ರ.

ಕೊನೆಯದಾಗಿ ಒಂದು ಸಂಗತಿ. 2001ರಲ್ಲಿ ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಕಟ್ಟಡದ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿರುವಾಗ ಮನುಷ್ಯರ ಎಲುಬುಗಳು ರಾಶಿರಾಶಿಯಾಗಿ ಕಾಣಿಸಿಕೊಂಡುವು. ಸತ್ತವರು ಮೂರು ಸಾವಿರಕ್ಕೂ ಹೆಚ್ಚು ಮಂದಿ. ಬಹುಮಂದಿ ಎಳೆಯ ವಯಸ್ಸಿನವರು. ಯಾರಿವರು, ಯಾವ ದುರಂತಕ್ಕೆ ಸಿಕ್ಕಿದವರು ಎಂಬ ಪ್ರಶ್ನ ಎದ್ದಿತು. ಉತ್ತರ ಹೇಳಿದವುಗಳಲ್ಲಿ ಅವರ ಜೇಬಿನ ನಾಣ್ಯಗಳೊಡನೆ ಅವರ ಉಡುಪಿನ ಗುಂಡಿಗಳೂ ಸೇರಿದ್ದುವು. ಗುಂಡಿಗಳ ಮೇಲೆ ನೆಪೋಲಿಯನ್ನನ ರೆಜಿಮೆಂಟುಗಳ ಅಂಕಗಳಿದ್ದುವು. 1812ರ ಚಳಿಗಾಲದಲ್ಲಿ ರಷ್ಯದಿಂದ ಹಿಮ್ಮೆಟ್ಟಿ ಬರುವಾಗ ಹಸಿವು, ಚಳಿ, ರೋಗಗಳಿಂದ ಸತ್ತ ಮಹಾಸೈನ್ಯದ ಸಿಪಾಯಿಗಳು ಅವರು. 2003ರಲ್ಲಿ ಅವರನ್ನು ಅದೇ ನಗರದ ಅಂಟಾಕಲ್ನಿಸ್ ಶ್ಮಶಾನದಲ್ಲಿ ಮರ್ಯಾದೆಯಿಂದ ಮಣ್ಣುಮಾಡಿದರು. ಹೆಸರುಗಳು ತಿಳಿಯಲಿಲ್ಲ, ಆದರೆ ಅವರು ಅನಾಮಧೇಯ ಎಲುಬುಗಳಾಗಿಯೇ ಉಳಿಯಲಿಲ್ಲ. ಯಾವ ಪಡೆಯವರು, ಯಾವ ವರ್ಷ ಸತ್ತರು ಎಂಬಷ್ಟನ್ನಾದರೂ ಗುಂಡಿಗಳು ಹೇಳಿದುವು.

ನಮ್ಮ ಮನೆಗಳಲ್ಲಿಯೂ ಇಂಥ ಸಾಕ್ಷಿಗಳಿಲ್ಲದಿಲ್ಲ. ಅರಮನೆಯಲ್ಲಿ, ಪೋಲೀಸಿನಲ್ಲಿ, ರೈಲ್ವೆಯಲ್ಲಿ, 1809ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಂಡಿನಲ್ಲಿ ಚಾಕರಿ ಮಾಡಿದವರ ಮೊಮ್ಮಕ್ಕಳು ಮರಿಮಕ್ಕಳು ನಮ್ಮ ವಾಚಕರಲ್ಲಿ ಅನೇಕರಿರಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಹಿತ್ತಾಳೆಯ ಗುಂಡಿಯೊಂದು ಸಿಕ್ಕಿದರೆ ಹುಣಸೆಹಣ್ಣಿಗೆ ಕೈಹಾಕುವ ಮೊದಲು ಅದನ್ನು ತಿರುಗಿಸಿ ಬೆನ್ನನ್ನು ನೋಡಿರಿ. ಅಕ್ಷರಗಳಿದ್ದರೆ ಒಂದು ಚೀಟಿಯಲ್ಲಿ ಬರೆಯಿರಿ. ಅದರ ಕೆಳಗೆ, ಅದು ಯಾರ ಕೋಟಿನದೆಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಗುಂಡಿಯು ಇನ್ನೂ ನೂರು ವರ್ಷ ಉಳಿದೀತು. ಅದನ್ನು ಬಲ್ಲ ಹಿರಿಯರು ಅಷ್ಟು ಕಾಲ ಉಳಿಯಲಾರರು.